ಅತ್ತೆಯ ಮಾತ್ರೆ

ಲಾಯಿಲ, 8 ಜುಲೈ 2024

ಅತ್ತೆಗೆ ನಿನ್ನೆಯಿಂದ ಜ್ವರ, ಕಣ್ಣು ಕೆಂಪು. ಬಾಯಿ ತುಂಬ ಹುಣ್ಣು, ಗಂಜಿ ತಿಳಿಯೂ ಇಳಿಯುತ್ತಿಲ್ಲ. ನೆರೆಮನೆಯ ಅಕ್ಕ, "ಉಷ್ಣ ಆಗಿರ್ಬೇಕು, ಎಳನೀರು ಕೊಡಿ" ಅಂದರು. ಸಂಜೆ ಎದೆಯಲ್ಲಿ ಕಪ್ಪುಗೆಂಪು ಕಲೆ ಕಂಡಾಗ ಸರ್ಪಸುತ್ತು ಎಂದರು. ಸರ್ಪಸುತ್ತು ಒಂದೇ ಬದಿಗಲ್ಲವೇ ಬರುವುದು? ಇದು ಎರಡೂ ಕಡೆ ಇದೆ.

ಕೆನ್ನೆಯ ನರದ ನೋವಿಗೆ ಕಾರ್ಬಮಜೆಪಿನ್ ಶುರುಮಾಡಿ ಇದು ಮೂರನೇ ವಾರ. ಕರೆಂಟು ಹೊಡೆದ ಹಾಗೆ ಆಗುತ್ತಿದ್ದುದು ನಿಂತು, ಅತ್ತೆ ನೆಮ್ಮದಿಯಲ್ಲಿ ಉಣ್ಣುತ್ತಿದ್ದರು. ಹಾಗಾಗಿ ಆ ಮಾತ್ರೆಯ ಮೇಲೆ ಮನೆಯಲ್ಲಿ ಯಾರಿಗೂ ಸಂಶಯವಿಲ್ಲ. ನನಗಿದೆ. ಪರಿಚಯದ ಡಾಕ್ಟ್ರಿಗೆ ಫೋನ್ ಮಾಡಿದೆ. "ಮಾತ್ರೆ ಈಗಲೇ ನಿಲ್ಲಿಸಿ. ಬೆಳಗಾಗ್ಲಿ ಅಂತ ಕಾಯ್ಬೇಡಿ, ಮಂಗಳೂರಿಗೆ ಹೊರಡಿ."

ಮಂಗಳೂರು, 9 ಜುಲೈ

ಜಡಿಮಳೆ, ರಸ್ತೆ ಅಗಲೀಕರಣದ ಕೆಸರು. ಬಿ.ಸಿ.ರೋಡ್ ತನಕ ಅತ್ತೆ ಒಂದು ಮಾತಾಡಲಿಲ್ಲ.

ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತೆ. ಬೆನ್ನಿನ ತೊಗಲು ಹಾಸಿದ ಬಟ್ಟೆಗೇ ಅಂಟಿಕೊಂಡು ಬಂತು. ನರ್ಸಮ್ಮ ಎಳೆ ಬಾಳೆಲೆ ತರಿಸಿ, ತೊಳೆದು, ಬಿಸಿಗೆ ಬಾಡಿಸಿ ತಣಿಸಿ, ಅದರ ಮೇಲೆ ಮಲಗಿಸಿದರು. ಬಾಳೆಲೆಗೆ ಚರ್ಮ ಹಿಡಿಯುವುದಿಲ್ಲ. ರೆಪ್ಪೆಗಳು ಒಂದಕ್ಕೊಂದು ಕೂಡಿಕೊಳ್ಳಬಾರದೆಂದು ಮತ್ತೆ ಮತ್ತೆ ಕಣ್ಣಿಗೆ ಮದ್ದು ಬಿಡುತ್ತಾರೆ. ಅತ್ತೆ ನನ್ನ ಸೆರಗನ್ನು ಬಿಡುತ್ತಿಲ್ಲ.

13 ಜುಲೈ

ಹೊಸ ಗುಳ್ಳೆ ಎದ್ದಿಲ್ಲ. ಚರ್ಮದ ಡಾಕ್ಟ್ರು ಕೂರಿಸಿ ವಿವರಿಸಿದರು. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಇರುವವರಿಗೆ ಈ ಮಾತ್ರೆಯಿಂದ ಅಪಾಯ ಜಾಸ್ತಿ. ಏಷ್ಯಾ ಮೂಲದವರಿಗೆ ಪರೀಕ್ಷೆ ಮಾಡಿಸಿ ಕೊಡಿ ಎಂದು ಅಮೆರಿಕದ ಎಫ್‌ಡಿಎ 2007ರಲ್ಲೇ ಎಚ್ಚರಿಸಿತ್ತು. ನಮ್ಮಲ್ಲಿ ಆ ರೂಢಿ ಇನ್ನೂ ಬಂದಿಲ್ಲ. ಫೆನಿಟಾಯಿನ್, ಗೌಟಿಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆಗಳಿಂದಲೂ ಇದು ಬರಬಹುದು.

ಮಾತ್ರೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಷ್ಟೋ ಜನರ ಅಪಸ್ಮಾರ ಅದರಿಂದಲೇ ಹತೋಟಿಯಲ್ಲಿದೆ. ಆದರೆ ಜ್ವರ, ಬಾಯಿಹುಣ್ಣು, ಮೈಮೇಲೆ ಕಲೆ ಕಂಡರೆ ತಕ್ಷಣ ಬನ್ನಿ ಎಂದು ಚೀಟಿ ಬರೆಯುವಾಗ ಒಂದು ಮಾತು ಹೇಳಬೇಕಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲಾಯಿಲ, 2 ಆಗಸ್ಟ್

ಅತ್ತೆ ಮನೆಗೆ ಬಂದಿದ್ದಾರೆ. ಬೆಳಕು ನೋಡಿದರೆ ಕಣ್ಣು ಚುಚ್ಚುತ್ತದಂತೆ, ಕಿಟಕಿಗೆ ಪರದೆ ಹಾಕಿದ್ದೇನೆ.

ಅಡ್ಡಪರಿಣಾಮದ ಫಾರ್ಮ್ ತುಂಬಿದೆ. 2010ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಔಷಧ ನಿಗಾ ಕಾರ್ಯಕ್ರಮದ್ದು. ವರದಿಗಳೆಲ್ಲ ಗಾಜಿಯಾಬಾದಿನಲ್ಲಿ ಒಟ್ಟಾಗುತ್ತವೆ. ರೋಗಿಯ ಕಡೆಯವರೂ ಬರೆಯಬಹುದು, ಕನ್ನಡದಲ್ಲೂ ಫಾರ್ಮ್ ಇದೆ, 1800-180-3024ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫೆನಾಮಿಕ್ ಆ್ಯಸಿಡ್ ಬಗ್ಗೆ ಹೋದ ವರ್ಷದ ಕೊನೆಗೆ ಎಚ್ಚರಿಕೆ ಹೊರಟದ್ದು ಇಂಥ ವರದಿಗಳಿಂದಲೇ. ಬ್ಯಾಚ್ ನಂಬರ್ ಬೇಕಿತ್ತು. ಖಾಲಿ ಸ್ಟ್ರಿಪ್ಪನ್ನು ಎಸೆದಿರಲಿಲ್ಲ.

ಕಾರ್ಬಮಜೆಪಿನ್ ಕೊಡಬಾರದೆಂದು ಕೆಂಪು ಶಾಯಿಯಲ್ಲಿ ಬರೆದು ಅತ್ತೆಯ ಆಧಾರ್ ಕಾರ್ಡಿನ ಕವರಿನಲ್ಲಿಟ್ಟೆ. ರಕ್ತಸಂಬಂಧಿಗಳೂ ಹುಷಾರಾಗಿರಬೇಕಂತೆ. ನಾಳೆ ನಾದಿನಿಗೆ ಫೋನ್ ಮಾಡಬೇಕು.