ಉತ್ತರ ತಪ್ಪಿದವರ ಅಪ್ಪು

ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನಮ್ಮೂರಿನಲ್ಲಿ ‘ಕನ್ನಡದ ಕೋಟ್ಯಧಿಪತಿ’ಯನ್ನು ನೆನೆದು ಕಣ್ಣೊರೆಸಿಕೊಂಡವರು ಬಹಳ ಮಂದಿ. ಅವರಲ್ಲಿ ಒಬ್ಬರಿಗೂ ಅಲ್ಲಿ ಕೇಳಿದ ಒಂದು ಪ್ರಶ್ನೆಯೂ ನೆನಪಿರಲಿಲ್ಲ. ಮೊದಮೊದಲು ನನಗಿದು ವಿಚಿತ್ರವೆನಿಸಿತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಊರಿಗೆಲ್ಲ ನಾನು ‘ಕ್ವಿಜ್ ಮೇಷ್ಟ್ರು’. ಪ್ರಶ್ನೆಯೇ ನನ್ನ ಬಂಡವಾಳ.

2021ರ ಅಕ್ಟೋಬರ್ 29ರ ಶುಕ್ರವಾರ, ಆಮೇಲೆ ಕಂಠೀರವ ಕ್ರೀಡಾಂಗಣದ ಮುಗಿಯದ ಸಾಲು, ಭಾನುವಾರ ಬೆಳಿಗ್ಗೆ ಅಪ್ಪ-ಅಮ್ಮನ ಪಕ್ಕದಲ್ಲೇ ಮಣ್ಣು. ಇದನ್ನು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಿಲ್ಲ. ವಯಸ್ಸು ಬರೀ 46. ನಮ್ಮ ಆಟೊ ಸ್ಟ್ಯಾಂಡಿನ ಹುಡುಗರು ಚಂದಾ ಎತ್ತಿ, ಶಾಮಿಯಾನ ಹಾಕಿ ನುಡಿನಮನ ಇಟ್ಟುಕೊಂಡರು. ‘ಸಿನಿಮಾ ಬಗ್ಗೆ ನಾವೇ ಮಾತಾಡ್ಕೋತೀವಿ ಸಾರ್, ಕೋಟ್ಯಧಿಪತಿ ಬಗ್ಗೆ ನೀವು ನಾಲ್ಕು ಮಾತು ಹೇಳಿ’ ಎಂದು ಮನೆಗೇ ಬಂದು ಕರೆದರು.

ತಯಾರಿ ಮಾಡಿಕೊಂಡೇ ಹೋದೆ. ಈ ಆಟ 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ್ದು, 2000ದಲ್ಲಿ ಅಮಿತಾಭ್ ಬಚ್ಚನ್ ಜೊತೆ ಹಿಂದಿಗೆ ಬಂದದ್ದು, 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಕನ್ನಡಕ್ಕಿಳಿದದ್ದು, ನಡುವೆ ಒಂದು ಸರಣಿಯನ್ನು ರಮೇಶ್ ಅರವಿಂದ್ ನಡೆಸಿದ್ದು, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಪುನೀತ್ ಮತ್ತೆ ಬಂದು ಕೂತದ್ದು. ಇಷ್ಟೂ ಒಪ್ಪಿಸಿದೆ. ಪುನೀತ್ ಬಗ್ಗೆ ನಾನು ಆಡಿದ್ದು ‘ಸೊಗಸಾಗಿ ನಡೆಸಿಕೊಟ್ಟರು’ ಎಂಬ ಒಂದೇ ಮಾತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು.

ಆ ಒಂದು ಮಾತೂ ಬಾಯಿಮಾತಿನದೇ. 2012ರಲ್ಲಿ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕೂತು ‘ಪರದೆ ಮೇಲಿದ್ದದ್ದನ್ನು ಓದೋದಕ್ಕೆ ಸ್ಟಾರೇ ಬೇಕಾ?’ ಎಂದು ನಕ್ಕವನು ನಾನು. ನನ್ನ ಅಳತೆಗೋಲು ಬೇರೆ ಇತ್ತು. ಚಂದನದ ‘ಥಟ್ ಅಂತ ಹೇಳಿ’ಯ ನಾ. ಸೋಮೇಶ್ವರ ಅವರಂತೆ ಕೇಳುವವನು ತುಂಬಿಕೊಂಡಿರಬೇಕು, ಗೆದ್ದವರಿಗೆ ಪುಸ್ತಕ ಸಿಗಬೇಕು, ದುಡ್ಡಲ್ಲ. ಅದಕ್ಕೂ ಹಿಂದೆ, ಎಂಬತ್ತರ ದಶಕದ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ನೋಡಿ ಹುಚ್ಚು ಹಿಡಿಸಿಕೊಂಡವನು. ಅವರಿಂದ ಕಲಿತದ್ದು ವೇಗ ಮಾತ್ರ. ಅವರ ಸೌಜನ್ಯ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನ ನಂತರ ಮೈಕ್ ಹಿಡಿದದ್ದು ಸ್ಟ್ಯಾಂಡಿನ ಪಕ್ಕದಲ್ಲಿ ಇಡ್ಲಿ ಗಾಡಿ ಇಟ್ಟಿರುವ ಅಕ್ಕ. ಮೈಕ್ ಎಷ್ಟು ದೂರ ಹಿಡಿಯಬೇಕೆಂಬುದೂ ಅವರಿಗೆ ಗೊತ್ತಿರಲಿಲ್ಲ. ‘ಗೆದ್ದೋರನ್ನ ಎಲ್ರೂ ಚೆನ್ನಾಗಿ ಮಾತಾಡುಸ್ತಾರೆ. ಅಪ್ಪು ಸಾರು ಸೋತೋರನ್ನ, ನಾವು ಮನೆಗೆ ಬಂದ ನೆಂಟ್ರನ್ನ ಬಾಗ್ಲ ತನಕ ಬಂದು ಕಳುಸ್ತೀವಲ್ಲ, ಹಂಗೆ ಕಳುಸೋರು’ ಎಂದರು. ಮುಂದಕ್ಕೆ ಮಾತು ಹೊರಡಲಿಲ್ಲ, ಇಳಿದುಬಿಟ್ಟರು.

ಆ ಆಟದ ಕಟ್ಟಡವೇ ಕ್ರೂರ. ನಾಲ್ಕು ಆಯ್ಕೆ, ಏರುತ್ತಾ ಹೋಗುವ ಮೊತ್ತ, ಒಂದು ತಪ್ಪಿದರೆ ಹಿಂದಿನ ಸುರಕ್ಷಿತ ಮೆಟ್ಟಿಲಿಗೆ ದಬ್ಬಿಬಿಡುತ್ತದೆ. ನೋಡುವವರಿಗೆ ಮಜಾ ಇರುವುದೇ ಬೀಳುವ ಭಯದಲ್ಲಿ. ಹಾಟ್‌ಸೀಟಿನಲ್ಲಿ ಕೂತವರಿಗಾದರೋ ಕೈತಪ್ಪಿದ ಮೊತ್ತ ಬರೀ ಅಂಕಿಯಲ್ಲ, ಅಡವಿಟ್ಟ ಒಡವೆ, ತಂಗಿಯ ಮದುವೆ, ಸೊಸೈಟಿಯ ಸಾಲ. ಅದೆಲ್ಲ ಕಣ್ಣೆದುರೇ ಜಾರುವ ಗಳಿಗೆಯಲ್ಲಿ ಎದುರಿಗಿರುವ ಮನುಷ್ಯ ಒಬ್ಬನೇ. ಆಗ ಅವನ ಸಾಮಾನ್ಯ ಜ್ಞಾನವನ್ನು ಕಟ್ಟಿಕೊಂಡು ಏನಾಗಬೇಕು?

ಶಾಮಿಯಾನದಿಂದ ಎದ್ದು ಬರುವಾಗ ಬಹಳ ಹಿಂದಿನ ಒಂದು ಹುಡುಗಿಯ ಮುಖ ತಲೆಯೊಳಗೆ ಬಂದು ಕೂತಿತು. ತಾಲ್ಲೂಕು ಮಟ್ಟದ ಅಂತರಶಾಲಾ ರಸಪ್ರಶ್ನೆ, ಸಭಾಂಗಣ ತುಂಬಾ ಮಕ್ಕಳು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕೃತಿ ಯಾವುದು ಎಂದು ಕೇಳಿದ್ದೆ. ಹಳ್ಳಿ ಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತು ‘ಮಲೆಗಳಲ್ಲಿ ಮದುಮಗಳು’ ಎಂದಳು. ‘ಮದುಮಗಳು ಪ್ರಶಸ್ತಿ ತಗೊಂಡ್ಲಾ? ಮದುವೆ ಊಟ ಯಾವಾಗಮ್ಮಾ?’ ಎಂದೆ. ಸಭಾಂಗಣ ಹೋ ಎಂದು ನಕ್ಕಿತು. ನನಗೋ ಬಸು ಆಗಿಬಿಟ್ಟ ಖುಷಿ. ಉತ್ತರ ‘ಶ್ರೀ ರಾಮಾಯಣ ದರ್ಶನಂ’ ಎಂದು ಹೇಳಿ ಮುಂದಿನ ತಂಡಕ್ಕೆ ಹೋದೆ. ಉಳಿದ ಸುತ್ತುಗಳಲ್ಲಿ ಅವಳು ಬಾಯಿ ಬಿಡಲಿಲ್ಲ. ಜೊತೆಗಿದ್ದವಳು ಮೊಣಕೈಯಿಂದ ತಿವಿದರೂ ಬಿಡಲಿಲ್ಲ.

ಈಗ ಯೋಚಿಸಿದರೆ ಅದೆಂಥ ಚಂದದ ತಪ್ಪು! ಕವಿ ಸರಿ. ಕುವೆಂಪು ಅವರಿಗೆ ಸಂದದ್ದು 1967ರ ಜ್ಞಾನಪೀಠ, ಆ ಕಾದಂಬರಿ ಅಚ್ಚಾದದ್ದೂ 1967ರಲ್ಲೇ. ಹೈಸ್ಕೂಲಿನ ಹುಡುಗಿ ಅಷ್ಟು ಹತ್ತಿರ ಬಂದು ನಿಂತಿದ್ದಳು. ‘ಬರೆದವರು ಅವರೇ ಕಣಮ್ಮ, ಪುಸ್ತಕ ಮಾತ್ರ ಬೇರೆ’ ಎಂದಿದ್ದರೆ ಸಾಕಿತ್ತು. ಎಷ್ಟು ಹೊತ್ತು ಹಿಡಿಯುತ್ತಿತ್ತು?

ಆಮೇಲೆ ಹಳೆಯ ಕಂತುಗಳನ್ನು ಫೋನಿನಲ್ಲಿ ಹುಡುಕಿ ನೋಡಲು ಶುರು ಮಾಡಿದೆ. ಗೆಲುವುಗಳನ್ನು ಓಡಿಸಿ, ಸೋಲುಗಳನ್ನಷ್ಟೇ ನೋಡುತ್ತಿದ್ದೆ. ಪುನೀತ್ ಎಲ್ಲ ಬಲ್ಲವನಂತೆ ಕೂರುವುದಿಲ್ಲ, ಮುಂದಕ್ಕೆ ಬಾಗಿ ಕೂರುತ್ತಾರೆ. ಉತ್ತರ ತಪ್ಪಿದಾಗ ಆ ಮುಖದಲ್ಲಿ ಇಣುಕುವುದು ನಿರಾಸೆಯೇ, ತೀರ್ಪಲ್ಲ. ಒಬ್ಬ ಸೂಪರ್‌ಸ್ಟಾರ್ ತನ್ನ ತೂಕವನ್ನು ಹೊರಗಿಟ್ಟು ಕೂರುವುದು ಅಭಿನಯವೇ ಇರಬಹುದು ಎಂದು ನನ್ನೊಳಗಿನ ಹಳೆಯ ಸ್ಟಾಫ್‌ರೂಮ್ ಆಸಾಮಿ ಈಗಲೂ ಗೊಣಗುತ್ತಾನೆ. ಇದ್ದರಿರಲಿ. ನನಗೆ ಅಭಿನಯಕ್ಕಾದರೂ ಅದು ಬಂದಿತ್ತೇ?

ಅಪ್ಪು ಕಣ್ಣು ದಾನ ಮಾಡಿದ್ದರು. ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟ ಸುದ್ದಿ ಬಂದಾಗ ಸ್ಟ್ಯಾಂಡಿನ ಹುಡುಗರು ನೇತ್ರದಾನದ ಅರ್ಜಿ ತಂದರು. ‘ಮೇಷ್ಟ್ರೇ, ಈ ಫಾರಮ್ ನೀವೇ ತುಂಬಿಸ್ಕೊಡಿ’ ಎಂದರು. ನುಡಿನಮನದ ಭಾಷಣಕ್ಕಿಂತ ಅದು ಒಳ್ಳೆಯ ಕೆಲಸವಾಯಿತು.

ಆ ಹುಡುಗಿ ಯಾರೆಂದು ಹುಡುಕಲು ಹೋಗಲಿಲ್ಲ. ಹೆಸರು ಗೊತ್ತಿಲ್ಲ. ಗೊತ್ತಿದ್ದರೂ, ಮರೆತಿದ್ದವಳಿಗೆ ನೆನಪು ಮಾಡಿಕೊಟ್ಟು ನನ್ನ ಮನಸ್ಸು ಹಗುರ ಮಾಡಿಕೊಳ್ಳುವುದು ಇನ್ನೊಂದು ಸ್ವಾರ್ಥ.

ಕ್ವಿಜ್ ಬಿಟ್ಟಿಲ್ಲ. ಉತ್ತರ ತಪ್ಪಿದ ಮಗುವನ್ನು ‘ಹೀಗೆ ಯಾಕೆ ಅನ್ನಿಸ್ತು, ಹೇಳು’ ಎಂದು ಈಗ ಕೇಳುತ್ತೇನೆ. ಕೆಲವರು ಚೆನ್ನಾಗಿ ಹೇಳುತ್ತಾರೆ, ಕೆಲವರು ನೆಲ ನೋಡುತ್ತಾರೆ, ಒಬ್ಬನಂತೂ ‘ಸುಮ್ನೆ ಹೇಳ್ದೆ ಸಾರ್’ ಎಂದು ನನ್ನನ್ನೇ ನಗಿಸಿದ. ಇದರಿಂದ ಕಾರ್ಯಕ್ರಮ ಎಳೆಯುತ್ತದೆ. ಮಧ್ಯಾಹ್ನದ ಊಟ ತಣ್ಣಗಾಯಿತು, ಬಸ್ಸು ತಪ್ಪಿತು ಎಂದು ಸಂಘಟಕರು ಗೊಣಗುತ್ತಾರೆ. ಈ ವರ್ಷ ಇಬ್ಬರು ಸಂಘಟಕರು ನನ್ನನ್ನು ಬಿಟ್ಟು, ಚುರುಕಾಗಿ ಮುಗಿಸಿಕೊಡುವ ಬೇರೆಯವರನ್ನು ಕರೆಸಿದರು.