ಗಡ್ಡದ ಓತಿ ಮತ್ತು ಅಜ್ಜಿಯ ಅಹಿಂಸೆ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ತರಗತಿಗಳಲ್ಲಿ ಪಾಠ ಹೇಳಿದ ಅಧ್ಯಾಪಕರು ಅನೇಕರಿದ್ದಾರೆ. ಅದರಲ್ಲಿ ಬರುವ ಹಾರುವ ಓತಿಯ ಬಂಧುವೊಂದನ್ನು ಮನೆಯಲ್ಲಿ ಪೋಷಿಸಬೇಕಾಗಿ ಬಂದವರು ವಿರಳ. ಹಾಸನದ ಕಾಲೇಜೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಧ್ಯಾಪಕಿಯೊಬ್ಬರಿಗೆ, ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋದಾಗ ಅಂಥ ಸಂದರ್ಭ ಒದಗಿತು.

ಹತ್ತು ವರ್ಷದ ಮೊಮ್ಮಗ ಸಾಕಿದ್ದುದು ಬಿಯರ್ಡೆಡ್ ಡ್ರ್ಯಾಗನ್ನಿನ ಮರಿಯನ್ನು. ಆಸ್ಟ್ರೇಲಿಯದ ಒಳನಾಡಿನ ಒಣನೆಲ ಅದರ ತವರು. ನಮ್ಮ ಬೇಲಿಗಳ ಓತಿಕ್ಯಾತ, ಪಶ್ಚಿಮಘಟ್ಟದ ಹಾರುವ ಓತಿ, ಈ ಪ್ರಾಣಿ ಮೂರೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಕೆರಳಿದಾಗ ಗಂಟಲಿನ ಮುಳ್ಳುಚರ್ಮ ಉಬ್ಬಿ ಕಪ್ಪಾಗುವುದರಿಂದ ಅದಕ್ಕೆ ಗಡ್ಡದ ಹೆಸರು. ಅಜ್ಜಿ ಅದನ್ನು ‘ಗಡ್ಡದ ಓತಿ’ ಎಂದೇ ಕರೆದರು.

ಮಗಳು ಅಳಿಯ ಕೆಲಸಕ್ಕೆ, ಹುಡುಗ ಶಾಲೆಗೆ ಹೋದ ಮೇಲೆ ಓತಿಯ ಊಟ ಅಜ್ಜಿಯ ಪಾಲಿಗೆ ಬಂತು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಜೀವಂತ ಚಿಮ್ಮಂಡೆಗಳ ಡಬ್ಬಿಯೊಂದು ಇರುತ್ತಿತ್ತು. ಜೀವಮಾನದಲ್ಲಿ ಇರುವೆಯನ್ನೂ ನೋಡಿ ದಾಟಿದ ಕೈಗೆ ಆ ಡಬ್ಬಿಯ ಮುಚ್ಚಳ ತೆರೆಯುವುದು ಕಷ್ಟವಾಯಿತು. ಕೊನೆಗೆ ತೆರೆದರು, ತೆರೆದು ಚಿಮ್ಮಂಡೆಗಳನ್ನು ಹಿತ್ತಲಿಗೆ ಬಿಟ್ಟರು. ಓತಿಯ ಮುಂದೆ ಹೆಚ್ಚಿದ ಪಾಲಕ್ ಸೊಪ್ಪನ್ನು ಇಟ್ಟರು. ಮರುದಿನವೂ ಹಾಗೆಯೇ ಆಯಿತು. ಪೆಟ್ಟಿಗೆಯನ್ನು ಮುಚ್ಚಿದ ಕಿಟಕಿಯ ಬಳಿ ಸರಿಸಿ, ಬಿಸಿ ಕೊಡುವ ಬಲ್ಬನ್ನು ಉರಿಯಗೊಟ್ಟು, ಉದ್ದನೆಯ ಟ್ಯೂಬ್ ದೀಪವನ್ನು ಆರಿಸಿದರು. ಬಿಸಿಲು ಬೀಳುವಲ್ಲಿ ಇನ್ನೊಂದು ದೀಪವೇಕೆ ಎಂಬುದು ಅವರ ಮಿತವ್ಯಯದ ವಿವೇಕ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಓತಿಯ ಬೆರಳುಗಳು ನಡುಗತೊಡಗಿದವು. ಕೊಂಬೆ ಹತ್ತಲು ಹೋಗಿ ಜಾರಿ ಬೀಳುತ್ತಿತ್ತು. ಪಶುವೈದ್ಯೆ ಅದರ ದವಡೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಅದು ರಬ್ಬರಿನಂತೆ ಬಾಗಿತು. ಎಕ್ಸ್-ರೇಯಲ್ಲಿ ಮೂಳೆಗಳು ಮಸುಕಾಗಿ ಕಂಡವು.

ವೈದ್ಯೆಯ ವಿವರಣೆ ಸರಳವಾಗಿತ್ತು. ಓತಿಯ ಚರ್ಮ ವಿಟಮಿನ್ ಡಿ3 ತಯಾರಿಸಲು ನೇರಳಾತೀತ ಬಿ ಕಿರಣ ಬೇಕು. ಅದಿಲ್ಲದೆ ತಿಂದ ಸುಣ್ಣದಂಶ ಮೂಳೆಗೆ ಸೇರದು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣವನ್ನು ತಡೆಯುತ್ತದೆ. ಆರಿಸಿದ ಟ್ಯೂಬಿನ ಕೆಲಸವೇ ಅದನ್ನು ಒದಗಿಸುವುದು. ಪಾಲಕ್ಕಿನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳೆಯುವ ಮರಿಗೆ ಕೀಟಗಳೇ ಮುಖ್ಯ ಆಹಾರ. ವಯಸ್ಸಾದಂತೆ ಅದು ತಾನಾಗಿಯೇ ಹೆಚ್ಚು ಸೊಪ್ಪು ತಿನ್ನುವುದು.

ಮನೆಗೆ ಮರಳುವಾಗ ಕಾರಿನಲ್ಲಿ ಅಜ್ಜಿ ಎಲ್ಲವನ್ನೂ ಹೇಳಿದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: “ಅಜ್ಜಿ, ಚಿಮ್ಮಂಡೆ ಪಾಪ ಅಂತ ಬಿಟ್ರಿ. ಇದು ಪಾಪ ಅಲ್ವಾ?”

ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಕೊಲ್ಲಬಾರದೆಂದು ತಡೆದ ಕೈಯೇ ಇನ್ನೊಂದು ಜೀವದ ಮೂಳೆಯನ್ನು ಮೃದುಗೊಳಿಸಿತ್ತು. ಬೇಲಿಯ ಮೇಲಿನ ಓತಿಯ ಆಹಾರವನ್ನು ಯಾರೂ ನಿರ್ಧರಿಸುವುದಿಲ್ಲ. ‘ಕರ್ವಾಲೊ’ದ ಓತಿ ಕೊನೆಯಲ್ಲಿ ಎಲ್ಲರ ಕೈತಪ್ಪಿ ಗಾಳಿಗೆ ತೇಲಿಹೋಗುತ್ತದೆ. ಪೆಟ್ಟಿಗೆಯಲ್ಲಿರುವ ಓತಿಗೆ ಆ ದಾರಿಯಿಲ್ಲ. ಅದರ ಬಿಸಿಲು, ಅದರ ಬೇಟೆ ಎರಡೂ ಸಾಕಿದವರ ಕೈಯಲ್ಲಿವೆ. ಸಾಕುವವರು ತಮ್ಮ ವ್ರತವನ್ನು ತಾವು ಪಾಲಿಸಬಹುದು. ಅದನ್ನು ಓತಿಯಿಂದ ಪಾಲಿಸಲು ಹೊರಟರೆ ಅದರ ಹೊರೆಯನ್ನು ಹೊರುವುದು ಓತಿಯ ದೇಹ.

ಮರುದಿನ ಬೆಳಿಗ್ಗೆ ಅಜ್ಜಿ ಟ್ಯೂಬ್ ದೀಪ ಹಾಕಿದರು. ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ, ಇಕ್ಕಳದಿಂದ ಒಂದೊಂದಾಗಿ ಒಳಗೆ ಬಿಟ್ಟರು. ಮೊದಲನೆಯದನ್ನು ಬಿಡುವಾಗ ಕಣ್ಣು ಮುಚ್ಚಿಕೊಂಡರು, ಎರಡನೆಯದಕ್ಕೆ ಮುಚ್ಚಲಿಲ್ಲ. ಟ್ಯೂಬ್ ಬೆಳಗುತ್ತಿದ್ದರೂ ತಿಂಗಳುಗಳು ಕಳೆದಂತೆ ಅದರ ಕಿರಣ ಕ್ಷೀಣಿಸುವುದೆಂದು ತಿಳಿದು, ಬದಲಿಸಬೇಕಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು.

ಓತಿ ಚೇತರಿಸಿಕೊಂಡಿತು. ಹಿಂಗಾಲಿನ ಒಂದು ಬೆರಳು ಮಾತ್ರ ಸೊಟ್ಟಗೆ ಉಳಿಯಿತು. ಹಾಸನಕ್ಕೆ ಮರಳಿದ ಮೇಲೂ ಅಜ್ಜಿ ಫೋನಿನಲ್ಲಿ ಮೊಮ್ಮಗನನ್ನು ಮೊದಲು ಕೇಳುವುದು ಒಂದೇ ಮಾತು: “ಟ್ಯೂಬ್ ಲೈಟ್ ಹಾಕಿದೆಯೇನಪ್ಪಾ?”