ಎಳ್ಳಮಾವಾಸ್ಯೆಯ ರಾತ್ರಿ ಕಂಡ ಮಿರಗ

ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವರು ಚರಗ ಚೆಲ್ಲಿ, ಉಂಡು, ಸಂಜೆಗೆ ಊರಿಗೆ ಮರಳುವುದು ವಾಡಿಕೆ. ನಾವು ಮಾತ್ರ ಆ ರಾತ್ರಿ ಅಲ್ಲೇ ಉಳಿದೆವು. 2024ರ ಡಿಸೆಂಬರ್ 30. ವಿಜಯಪುರ ಜಿಲ್ಲೆಯ ತಾಳಿಕೋಟೆಯಾಚೆ, ಡೋಣಿ ನದಿಗೆ ಸಮೀಪ, ನನ್ನ ಗೆಳೆಯನ ಹೊಲದ ವಸ್ತಿ. ಸುತ್ತಲೂ ಎರೆ ಭೂಮಿ, ಆಳೆತ್ತರದ ಬಿಳಿಜೋಳ. ಮಧ್ಯಾಹ್ನದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇನ್ನೂ ಮಿಕ್ಕಿದ್ದವು.

ಉಳಿಯಲು ಕಾರಣ ಎಂಟನೆಯ ತರಗತಿಯ ನನ್ನ ಮಗಳು. ಬೆಂಗಳೂರಿನ ನಮ್ಮ ತಾರಸಿಯಿಂದ ಹತ್ತು-ಹನ್ನೆರಡು ನಕ್ಷತ್ರ ಕಂಡರೆ ಹೆಚ್ಚು. ‘ಪುಸ್ತಕದಲ್ಲಿರುವಷ್ಟು ನಿಜವಾಗಿಯೂ ಇವೆಯಾ ಅಪ್ಪಾ?’ ಎಂದು ಆಕೆ ಕೇಳಿದ್ದಳು.

ಏಳೂವರೆಗೆ ವಸ್ತಿಯ ಬಾಗಿಲ ಮೇಲಿನ ಬಲ್ಬು ಆರಿಸಿದೆವು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲು ತೆರೆದರೂ ಮತ್ತೆ ಮೊದಲಿನಿಂದ ಕಾಯಬೇಕು. ಕಾದೆವು. ಆಮೇಲೆ ತೊಂದರೆ ತಿರುಗುಮುರುಗಾಯಿತು. ಮಗಳು ಕಂಗಾಲಾಗಿ, ‘ಇಷ್ಟೊಂದರಲ್ಲಿ ಯಾವುದು ಯಾವುದು?’ ಎಂದಳು.

ಹೊಸಬರು ಗುಂಪನ್ನೆಲ್ಲ ಬಿಟ್ಟು ಮೂರೇ ಮೂರು ಚುಕ್ಕೆ ಹಿಡಿಯಬೇಕು. ಪೂರ್ವದಲ್ಲಿ, ನೆಲಕ್ಕೆ ಕೋಲು ನೆಟ್ಟ ಹಾಗೆ ಒಂದರ ಮೇಲೊಂದು ನಿಂತ ಸಮ ಅಂತರದ ಮೂರು ನಕ್ಷತ್ರಗಳು: ಅದು ಮೃಗವ್ಯಾಧನ ಬಾಣ. ಅದರ ಎಡಕ್ಕೆ ಕೆಂಪಾಗಿರುವುದು ಆರ್ದ್ರಾ. ಈ ಮೂರನ್ನೂ, ಸುತ್ತಲಿನ ನಾಲ್ಕು ಮೂಲೆಯ ಚುಕ್ಕೆಗಳನ್ನೂ ಸೇರಿಸಿ ನಮ್ಮ ಜನ ಮೃಗಶಿರ ಎನ್ನುತ್ತಾರೆ, ಈ ಸೀಮೆಯ ಬಾಯಲ್ಲಿ ‘ಮಿರಗ’. ಬಾಣದ ಗೆರೆಯನ್ನು ಕೆಳಕ್ಕೆ ಎಳೆದರೆ ಸಿಗುವುದು ಲುಬ್ಧಕ, ರಾತ್ರಿಯಾಕಾಶದ ಅತಿ ಪ್ರಕಾಶದ ನಕ್ಷತ್ರ. ಅದರ ಬೆಳಕು ನಮ್ಮನ್ನು ತಲುಪಲು 8.6 ವರ್ಷ ಬೇಕು. ನಾವು ಅಂದು ಕಂಡ ಬೆಳಕು ಹೊರಟದ್ದು 2016ರಲ್ಲಿ, ಮಗಳಿಗೆ ಐದು ವರ್ಷವಿದ್ದಾಗ.

ಅದೇ ಗೆರೆಯನ್ನು ಮೇಲಕ್ಕೆ ಎಳೆದರೆ ರೋಹಿಣಿ. ಅಲ್ಲಿ ಝಗಝಗಿಸುತ್ತಿದ್ದುದನ್ನು ತೋರಿಸಿ, ‘ಅದೇ’ ಎಂದೆ, ಬಹಳ ಧೈರ್ಯದಿಂದ.

‘ಅದು ರೋಣಿ ಅಲ್ಲೋ ತಮ್ಮಾ’ ಎಂದಿತು ಕಂಬಳಿಯೊಳಗಿನ ದನಿ. ಗೆಳೆಯನ ತಂದೆ. ‘ರೋಣಿ ಕೆಂಪಗಿರ್ತದ. ಇದು ಹ್ವಾದ ಎಳ್ಳಮಾಸಿಗೆ ಇಲ್ಲಿ ಇರಲಿಲ್ಲ.’

ಮುತ್ಯಾನ ಮಾತೇ ಸರಿ. ಅದು ಗುರುಗ್ರಹ. ಮಿಣುಕದೆ ನಿಂತಿದೆಯಲ್ಲ ಎಂಬುದನ್ನಾದರೂ ನಾನು ನೋಡಬೇಕಿತ್ತು. ರೋಹಿಣಿ ಅದರ ಬಲಕ್ಕೆ, ಕೈ ಚಾಚಿ ಹಿಡಿದರೆ ಮೂರು ಬೆರಳಿನ ಅಂತರದಲ್ಲಿತ್ತು. ಗುರು ಒಂದು ಸುತ್ತು ಮುಗಿಸಲು ಸುಮಾರು 12 ವರ್ಷ. 2025ರ ಡಿಸೆಂಬರಿಗೆ ಅದು ಮಿಥುನಕ್ಕೆ ಸರಿದಿತ್ತು. ನಕ್ಷೆಯಲ್ಲಿಲ್ಲದ ದೊಡ್ಡ ಚುಕ್ಕೆ ಕಂಡರೆ ಮೊದಲು ಗ್ರಹವೇ ಇರಬೇಕೆಂದು ಅನುಮಾನಿಸಿ. ಅಂದು ಪಶ್ಚಿಮದಲ್ಲಿ ಶುಕ್ರ, ಅದರ ಮೇಲೆ ಮಂಕಾದ ಶನಿಯೂ ಇದ್ದವು.

ಮಗಳಿಗೆ ಬೇರೆಯೇ ಚಿಂತೆ. ‘ಮಿರಗದ ಮಳೆ ಬರುವುದು ಜೂನಿನಲ್ಲಿ ಅಲ್ವಾ ಮುತ್ಯಾ? ಮತ್ತೆ ಮಿರಗ ಈಗ ಕಾಣುತ್ತಿದೆ?’

ಮುತ್ಯಾ ಸುಮ್ಮನಾದರು. ಅರವತ್ತು ವರ್ಷ ಆ ಮಳೆಯನ್ನು ಕಾದು ಬಿತ್ತಿದವರು. ‘ಹೌದಲಾ’ ಎಂದರು.

ನಾನು ಕಂದೀಲು ಹಚ್ಚಿ ಅಂಗಳದ ನಡುವೆ ಇಟ್ಟೆ. ಕಂದೀಲು ಸೂರ್ಯ, ಅದರಾಚೆಯ ಬೇವಿನ ಮರ ಮಿರಗ, ಸುತ್ತ ನಡೆಯುವ ಮಗಳು ಭೂಮಿ. ಕಂದೀಲಿಗೆ ಮುಖ ಮಾಡಿದಾಗ ಮರವೂ ಅದೇ ದಿಕ್ಕಿಗಿದೆ, ಆದರೆ ಬೆಳಕು ಕಣ್ಣು ಕುಕ್ಕಿ ಕಾಣದು. ಅರ್ಧ ಸುತ್ತು ಬಂದು ಕಂದೀಲಿಗೆ ಬೆನ್ನು ಹಾಕಿದರೆ ಮರ ಕಣ್ಣೆದುರು. ಮಳೆಯ ಹೆಸರು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರಿಂದ ಬಂದದ್ದು. ಹಾಗಾಗಿ ಮಿರಗದ ಮಳೆ ಸುರಿಯುವಾಗ ಮಿರಗ ಹಗಲಿನಲ್ಲಿ, ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತಿರುತ್ತದೆ.

‘ಅಂದ್ರ ಬಿತ್ತೂವಾಗ ಅದು ನಮ್ಮ ನೆತ್ತಿ ಮ್ಯಾಲೇ ಇರ್ತದ, ಕಾಣಂಗಿಲ್ಲ ಅಷ್ಟೇ’ ಎಂದರು ಮುತ್ಯಾ. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕಂದೀಲು ಕಣ್ಣು ಕೆಡಿಸಿತ್ತು. ಮತ್ತೆ ಕಾಯಬೇಕಾಯಿತು. ಅಷ್ಟರಲ್ಲಿ ಒಂಬತ್ತೂವರೆ. ದಕ್ಷಿಣದ ಕಡೆ ಜೋಳದ ತೆನೆಗಳ ಮೇಲೆ ಅಗಸ್ತ್ಯ ಬಂದಿತ್ತು. ಪ್ರಕಾಶದಲ್ಲಿ ಲುಬ್ಧಕಕ್ಕೆ ಎರಡನೆಯದು ಇದೇ. ಲಂಡನ್ನಿನಲ್ಲಿರುವವರಿಗೆ ಇದು ಎಂದೂ ಕಾಣದು.

ಮುತ್ಯಾ ಮಾತ್ರ ತಲೆಯೆತ್ತಿ ಕೃತ್ತಿಕೆ ಹುಡುಕುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷ. ಆಪರೇಷನ್ ಎಂದರೆ ಎದ್ದು ಹೋಗುತ್ತಾರೆ ಎಂದು ಗೆಳೆಯ ಹೇಳಿದ್ದ.

‘ನನಗ ಬರೇ ಹೊಗಿ ಕಂಡಂಗ ಕಾಣ್ತದ. ಎಷ್ಟ ಅದಾವ ಎಣಿಸಿ ಹೇಳವಾ. ನಾ ಆರು ಎಣಸ್ತಿದ್ದೆ.’

ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡು, ಮಸುಕಾದವು ಹಾಗೆ ಚೆನ್ನಾಗಿ ಕಾಣುತ್ತವೆ ಎಂದೆ. ಆಕೆ ಬಹಳ ಹೊತ್ತು ನೋಡಿದಳು.

‘ಆರು ಮುತ್ಯಾ. ಇಲ್ಲ, ಇನ್ನೊಂದಿದೆ. ಏಳು!’

‘ಏಳನೇದು ಎಲ್ಲೈತಿ?’

ಆಕೆ ಅವರ ತೋರುಬೆರಳು ಹಿಡಿದು ಆಕಾಶಕ್ಕೆ ಗುರಿಯಿಟ್ಟಳು. ಮುತ್ಯಾ ಕಣ್ಣು ಕಿರಿದು ಮಾಡಿದರು, ಧೋತರದ ಅಂಚಿನಿಂದ ಒರೆಸಿಕೊಂಡು ಮತ್ತೆ ನೋಡಿದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಗೆಳೆಯ ಎಂದಿನಂತೆ ಆಸ್ಪತ್ರೆಯ ಮಾತು ತೆಗೆದ. ಮುತ್ಯಾ ಎದ್ದು ಹೋಗಲಿಲ್ಲ. ‘ಎಷ್ಟ ದಿನ ಪಟ್ಟಿ ಕಟ್ಟಿರ್ತಾರ?’ ಎಂದು ಕೇಳಿದರು.